ಮನೆಗೆ ಕಾರು ತಗೊಳ್ಳುವ ಮುಂಚೆ ಎಂಟು ವರ್ಷದ ಲೆಕ್ಕ ಹಾಕಿ

ಹೋದ ದಸರಾ ಹೊತ್ತಿಗೆ ಗಂಗಾವತಿಯಿಂದ ನನ್ನ ಹೆಂಡತಿಯ ತಮ್ಮ ಮೂರು ಕಾರಿನ ಫೋಟೊ ಕಳಿಸಿದ. ‘ಮಾಮಾ, ಇದರಾಗ ಯಾವುದು ತಗೊಳ್ಲಿ?’ ಮೂರೂ ಚೆನ್ನಾಗಿಯೇ ಇದ್ದವು. ಒಂದಕ್ಕೆ ಸನ್‌ರೂಫ್, ಒಂದಕ್ಕೆ ದೊಡ್ಡ ಸ್ಕ್ರೀನು, ಇನ್ನೊಂದಕ್ಕೆ ಒಳ್ಳೆ ಡಿಸ್ಕೌಂಟು. ನಾನು ತಿರುಗಿ ಕೇಳಿದ್ದು ಇಷ್ಟೇ: ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀಯಪ್ಪಾ, ಎಷ್ಟು ವರ್ಷ ಇಟ್ಕೊಳ್ತೀಯ? ಅವನಿಗೆ ಗೊತ್ತಿರಲಿಲ್ಲ. ಕಾರು ಕೇಳಿಕೊಂಡು ಬರುವ ಹೆಚ್ಚಿನವರಿಗೂ ಗೊತ್ತಿರುವುದಿಲ್ಲ. ಆದರೆ ಯಾವ ಕಾರು ಅನ್ನುವುದು ಮುಕ್ಕಾಲು ಪಾಲು ಈ ಎರಡು ಪ್ರಶ್ನೆಯಲ್ಲೇ ತೀರ್ಮಾನವಾಗುತ್ತದೆ.

ಭಾನುವಾರ ಅವನನ್ನು ಬಳ್ಳಾರಿಗೆ ಕರೆಸಿದೆ. ಮಗಳ ಹಳೇ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ಇಬ್ಬರೂ ಕೂತೆವು. ನೀವೂ ಹೀಗೇ ಶುರು ಮಾಡಿ. ದಿನಾ ಅಂಗಡಿಗೆ ಹೋಗಿ ಬರುವುದು, ಮಕ್ಕಳ ಸ್ಕೂಲು, ತಿಂಗಳಿಗೊಮ್ಮೆ ಹುಲಿಗಿ, ವರ್ಷಕ್ಕೆ ಎರಡು ಸಲ ಮಂತ್ರಾಲಯ, ಮದುವೆ, ಗೃಹಪ್ರವೇಶ, ಆಸ್ಪತ್ರೆಗೆಂದು ಹುಬ್ಬಳ್ಳಿಗೋ ಬೆಂಗಳೂರಿಗೋ ಒಂದೆರಡು ಓಟ, ಎಲ್ಲಾ ಬರೆಯಿರಿ. ಅವನ ಬಾಯಲ್ಲಿ ಮೊದಲು ಬಂದ ಅಂದಾಜು ವರ್ಷಕ್ಕೆ 20 ಸಾವಿರ ಕಿಲೋಮೀಟರ್. ಬರೆದು ಕೂಡಿಸಿದರೆ 12 ಸಾವಿರ ದಾಟಲಿಲ್ಲ.

ಈಗ ಲೆಕ್ಕ. ಆನ್‌ರೋಡ್, ಅಂದರೆ ಟ್ಯಾಕ್ಸು, ಇನ್ಶೂರೆನ್ಸ್ ಎಲ್ಲಾ ಸೇರಿ, 10 ಲಕ್ಷದ ಪೆಟ್ರೋಲ್ ಕಾರು ಅಂತಿಟ್ಟುಕೊಳ್ಳಿ. ಎಂಟು ವರ್ಷ, ಒಟ್ಟು 96 ಸಾವಿರ ಕಿಲೋಮೀಟರ್. ಕೊನೆಗೆ 3 ಲಕ್ಷಕ್ಕೆ ಮಾರಿದಿರಿ ಅಂದರೆ ಬೆಲೆಯಲ್ಲೇ 7 ಲಕ್ಷ ಹೋಯಿತು. ಪೆಟ್ರೋಲು ಲೀಟರಿಗೆ ಸುಮಾರು 103 ರೂಪಾಯಿ, ನಿಜವಾದ ಮೈಲೇಜು 16 ಅಂತ ಹಿಡಿದರೆ ವರ್ಷಕ್ಕೆ 77 ಸಾವಿರ, ಎಂಟು ವರ್ಷಕ್ಕೆ 6.18 ಲಕ್ಷ. ಮೊದಲ ವರ್ಷದ ಇನ್ಶೂರೆನ್ಸ್ ಆನ್‌ರೋಡಿನಲ್ಲೇ ಬಂತು, ಉಳಿದ ಏಳು ವರ್ಷಕ್ಕೆ ಸರಾಸರಿ 18 ಸಾವಿರದಂತೆ 1.26 ಲಕ್ಷ. ಸರ್ವೀಸಿಗೆ 80 ಸಾವಿರ. ಎರಡು ಸಲ ನಾಲ್ಕು ಟೈರು, 44 ಸಾವಿರ. ಬ್ಯಾಟರಿ ಎರಡು ಸಲ, 12 ಸಾವಿರ. ಕ್ಲಚ್ಚು, ಸಸ್ಪೆನ್ಷನ್ನು, ಎಸಿ ರಿಪೇರಿ ಅಂತ 60 ಸಾವಿರ ಎತ್ತಿಡಿ. ಕೂಡಿಸಿದರೆ 16.4 ಲಕ್ಷ. ಕಿಲೋಮೀಟರಿಗೆ 17 ರೂಪಾಯಿ. ಸಾಲದ ಬಡ್ಡಿ ಸೇರಿದರೆ 19 ಆಗುತ್ತದೆ.

ಈ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ. ಎಲ್ಲರೂ ಸರ್ವೀಸ್ ಬಿಲ್ಲಿನ ಬಗ್ಗೆ ಮಾತಾಡುತ್ತಾರೆ, ಆದರೆ ಇಲ್ಲಿ ಸರ್ವೀಸು ಚಿಕ್ಕ ಬಾಬತ್ತು. ದೊಡ್ಡ ದುಡ್ಡು ಹೋಗಿರುವುದು ಬೆಲೆ ಇಳಿದದ್ದರಲ್ಲಿ ಮತ್ತು ಪೆಟ್ರೋಲಿನಲ್ಲಿ. ಎಂಟು ವರ್ಷದ ನಂತರ ಒಂದು ಕಾರಿಗೆ 3 ಲಕ್ಷ ಸಿಗುತ್ತದೆ, ಅದೇ ಬೆಲೆಗೆ ಕೊಂಡ ಇನ್ನೊಂದಕ್ಕೆ 2 ಲಕ್ಷಕ್ಕೂ ಗಿರಾಕಿ ಇಲ್ಲ ಅಂದರೆ, ಶೋರೂಮಿನಲ್ಲಿ ಕೊಟ್ಟ 40 ಸಾವಿರದ ಡಿಸ್ಕೌಂಟು ಎಲ್ಲಿಗೆ ಸಾಕಾಯಿತು? ನೀವು ಯೋಚಿಸುತ್ತಿರುವ ಮಾಡೆಲ್ಲಿನ ಏಳೆಂಟು ವರ್ಷ ಹಳೆಯ ಗಾಡಿ ನಿಮ್ಮೂರಲ್ಲಿ ಈಗ ಎಷ್ಟಕ್ಕೆ ಮಾರುತ್ತಿದೆ ಅಂತ ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಯಲ್ಲಿ ಕೇಳಿ. ಮಾರುವವರಂತೆ ಕೇಳಿ. ಕೊಳ್ಳುವವರಂತೆ ಕೇಳಿದರೆ ಬೇರೆ ರೇಟು ಬರುತ್ತದೆ.

ಹಾಳೆಯಲ್ಲಿ ಬರೆಯಲಾಗದ ಖರ್ಚು ಒಂದಿದೆ. ಅದನ್ನು ನಾನು ಅನುಭವಿಸಿ ಕಲಿತೆ. ಕೆಲವು ವರ್ಷದ ಹಿಂದೆ ಮೇ ತಿಂಗಳಲ್ಲಿ ಸಿಂಧನೂರಿನ ಮದುವೆ ಮುಗಿಸಿಕೊಂಡು ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು. ಸಿರುಗುಪ್ಪ ಇನ್ನೂ ದೂರ ಇತ್ತು. ಎಸಿ ಬಿಸಿಗಾಳಿ ಬಿಡಲು ಶುರು ಮಾಡಿತು, ಮೀಟರಿನಲ್ಲಿ ಟೆಂಪರೇಚರ್ ಮುಳ್ಳು ನೋಡುನೋಡುತ್ತಲೇ ಮೇಲೇರಿತು. ನಿಲ್ಲಿಸಿ ಬಾನೆಟ್ ಎತ್ತಿದರೆ ರೇಡಿಯೇಟರ್ ಫ್ಯಾನು ತಿರುಗುತ್ತಿಲ್ಲ. ಒಂದು ಫ್ಯಾನ್ ಮೋಟರ್, ಅಷ್ಟೇ. ಅದು ಬಳ್ಳಾರಿಯಲ್ಲೂ ಇಲ್ಲ, ಹೊಸಪೇಟೆಯಲ್ಲೂ ಇಲ್ಲ. ಬರಲು 17 ದಿನ ಹಿಡಿಯಿತು. ಪಾರ್ಟಿನ ಬಿಲ್ಲು ಸುಮಾರು 9 ಸಾವಿರ. ಆ 17 ದಿನದಲ್ಲಿ ಅಮ್ಮನ ಆಸ್ಪತ್ರೆ ಓಡಾಟಕ್ಕೆ ಬಾಡಿಗೆ ಗಾಡಿಗೆ ಕೊಟ್ಟದ್ದು ಅದಕ್ಕಿಂತ ಜಾಸ್ತಿ. ಆ ಕಾರಿನ ಇಂಜಿನ್ನು ಬಹಳ ಗಟ್ಟಿ ಅಂತ ಎಲ್ಲರೂ ಹೊಗಳುತ್ತಿದ್ದರು, ಅದು ನಿಜವೂ ಹೌದು. ಆದರೆ ನಮ್ಮ ಕಡೆ ಕಾರು ಬಾಳಿಕೆ ಬರುವುದು ಅಂದರೆ ಕೆಡದೇ ಇರುವುದು ಒಂದೇ ಅಲ್ಲ. ಕೆಟ್ಟರೆ ಎರಡು ದಿನದಲ್ಲಿ ಮತ್ತೆ ರಸ್ತೆಗಿಳಿಯಬೇಕು.

ಅದಕ್ಕೇ ಹೇಳುತ್ತೇನೆ, ಟೆಸ್ಟ್ ಡ್ರೈವ್ ಆದ ಮೇಲೆ ಅದೇ ಕಂಪನಿಯ ಸರ್ವೀಸ್ ಶೆಡ್ಡಿಗೆ ಹೋಗಿ. ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಐದಾರು ಸಾಮಾನಿನ ಹೆಸರು ಹೇಳಿ: ಮುಂದಿನ ಬಂಪರ್, ಒಂದು ಹೆಡ್‌ಲೈಟ್, ಕ್ಲಚ್ ಸೆಟ್, ಮುಂದಿನ ಗಾಜು, ರೇಡಿಯೇಟರ್ ಫ್ಯಾನ್, ಶಾಕ್ ಅಬ್ಸಾರ್ಬರ್. ಪ್ರತಿಯೊಂದಕ್ಕೂ ರೇಟೆಷ್ಟು, ಇಲ್ಲೇ ಇದೆಯಾ, ಇಲ್ಲದಿದ್ದರೆ ಎಷ್ಟು ದಿನ, ಇಷ್ಟು ಬರೆದುಕೊಳ್ಳಿ. ಎಲ್‌ಇಡಿ ಹೆಡ್‌ಲೈಟಿನ ರೇಟು ಕೇಳಿ ಹಳೇ ಬಲ್ಬಿನದ್ದಕ್ಕೆ ಹೋಲಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ. ಆಮೇಲೆ ಶೆಡ್ಡಿನಲ್ಲಿ ಒಂದು ಸುತ್ತು ಹಾಕಿ. ಮೈಮೇಲೆ ಧೂಳು ಕೂತು ಎಷ್ಟೋ ದಿನದಿಂದ ನಿಂತ ಕಾರುಗಳು ಇದ್ದರೆ ಅವು ಸ್ಪೇರ್ ಪಾರ್ಟ್ಸಿಗೆ ಕಾಯುತ್ತಿರಬಹುದು, ಕೇಳಿ ತಿಳಿದುಕೊಳ್ಳಿ. ಹೊರಗೆ ಬೆಂಚಿನ ಮೇಲೆ ಕಾಯುತ್ತಾ ಕೂತ ಮಾಲೀಕರ ಪಕ್ಕ ಹತ್ತು ನಿಮಿಷ ಕೂತು ‘ಅಣ್ಣಾ, ಗಾಡಿ ಹೆಂಗೈತಿ?’ ಅಂದರೆ ಸಾಕು, ನಮ್ಮ ಕಡೆಯ ಜನ ಏನನ್ನೂ ಮುಚ್ಚಿಡುವುದಿಲ್ಲ.

ರಾಯಚೂರು, ಕೊಪ್ಪಳ ಜಿಲ್ಲೆಯ ತಾಲೂಕು ಊರುಗಳಲ್ಲಿ ಇರುವವರಿಗೆ ಇದು ಇನ್ನೂ ಮುಖ್ಯ. ಸರ್ವೀಸ್ ಸೆಂಟರ್ 80 ಕಿಲೋಮೀಟರ್ ದೂರ ಇದ್ದರೆ ಪ್ರತಿ ಸರ್ವೀಸಿಗೂ ಒಂದು ದಿನದ ಕೆಲಸ ಹಾಳು, ಹೋಗಿಬರುವ ಎಣ್ಣೆ ಬೇರೆ. ವಾರಂಟಿ ಮುಗಿದ ಮೇಲೆ ಹೇಗೂ ಊರಿನ ಗ್ಯಾರೇಜೇ ಗತಿ. ಅಲ್ಲಿನ ಮಿಸ್ತ್ರಿಗೆ ಆ ಇಂಜಿನ್ ಬಿಚ್ಚಿ ರೂಢಿ ಇದೆಯಾ, ಅವರ ಹತ್ತಿರ ಅದರ ಸ್ಕ್ಯಾನರ್ ಇದೆಯಾ, ಕೇಳಿಬಿಡಿ. ಕಂಪನಿಯೇ ಉಳಿಯುತ್ತದಾ ಅನ್ನುವುದೂ ಪ್ರಶ್ನೆಯೇ. ಷೆವರ್ಲೆ 2017ರ ಕೊನೆಗೆ ನಮ್ಮ ದೇಶದಲ್ಲಿ ಮಾರಾಟ ನಿಲ್ಲಿಸಿತು. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ಬಿಡುತ್ತೇನೆ ಅಂತ ಹೇಳಿತು. ಕಾರು ಕೆಟ್ಟದಾಗಿರಲಿಲ್ಲ, ಆದರೂ ಇಂಥ ಸುದ್ದಿ ಬಂದ ಮೇಲೆ ಮಾರಲು ಹೋದರೆ ಗಿರಾಕಿ ಹಿಂದೇಟು ಹಾಕುತ್ತಾನೆ.

ಮಿಸ್ತ್ರಿ ಅಂದೆನಲ್ಲ, ನಮ್ಮ ಕಾರು ನೋಡುವ ಹಿರಿಯರೊಬ್ಬರು ಇದ್ದಾರೆ. ಒಂದು ದಿನ ಯಾರದೋ ಕಾರಿನ ಏರ್ ಫಿಲ್ಟರ್ ತೆಗೆದು ನೆಲಕ್ಕೆ ನಾಲ್ಕು ಸಲ ಕುಟ್ಟಿದರು. ಸಿಮೆಂಟಿನ ಮೇಲೆ ಒಂದು ಹಿಡಿಯಷ್ಟು ಕೆಂಪು ಪುಡಿ ಬಿತ್ತು, ಕುಂಕುಮ ಚೆಲ್ಲಿದ ಹಾಗೆ. ‘ಇದು ಸಂಡೂರು ಕಡೆ ಓಡಾಡೋ ಗಾಡಿ. ಬೂದಿ ಬಣ್ಣ ಇದ್ರ ಶಕ್ತಿನಗರ ಕಡೀದು’ ಅಂದರು. ಶಕ್ತಿನಗರದಲ್ಲಿ ಕಲ್ಲಿದ್ದಲು ಸುಡುವ ಕರೆಂಟಿನ ಸ್ಥಾವರ ಇದೆಯಲ್ಲ, ಅದರ ಬೂದಿ. ಅವರು ಮೀಟರ್ ನೋಡುವ ಮುಂಚೆ ಫಿಲ್ಟರ್ ನೋಡುತ್ತಾರೆ. ಸಂಡೂರು, ತೋರಣಗಲ್ಲು, ಹೊಸಪೇಟೆ ಕಡೆ ಅದಿರಿನ ಲಾರಿಗಳ ಹಿಂದೆ ದಿನಾ ಓಡಿಸುವವರು ಕಂಪನಿ ಪುಸ್ತಕದಲ್ಲಿ ಬರೆದಷ್ಟು ಕಿಲೋಮೀಟರ್ ಫಿಲ್ಟರ್ ಇಟ್ಟುಕೊಳ್ಳಬೇಡಿ. ‘ಧೂಳಿನ ಜಾಗದಲ್ಲಿ ಬೇಗ ಬದಲಿಸಿ’ ಅಂತ ಅದೇ ಪುಸ್ತಕದಲ್ಲಿ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಐದು ಸಾವಿರ ಕಿಲೋಮೀಟರಿಗೊಮ್ಮೆ ತೆಗೆದು ನೋಡುವುದು ಒಳ್ಳೆಯದು. ಎಸಿಯ ಕ್ಯಾಬಿನ್ ಫಿಲ್ಟರೂ ಹಾಗೇ. ಹೀಗಾಗಿ ಕಾರು ಆರಿಸುವಾಗಲೇ ಬಾನೆಟ್ ಎತ್ತಿ ನೋಡಿ. ಏರ್ ಫಿಲ್ಟರ್ ಕೈಯಲ್ಲೇ ಕ್ಲಿಪ್ ಬಿಚ್ಚಿ ತೆಗೆಯುವ ಹಾಗಿದೆಯಾ, ಇಲ್ಲಾ ನಾಲ್ಕು ಸ್ಕ್ರೂ ಬಿಚ್ಚಿ ಪೈಪು ಸರಿಸಬೇಕಾ? ಸಣ್ಣ ವಿಷಯ ಅನ್ನಿಸುತ್ತದೆ. ಎಂಟು ವರ್ಷ ಇದೇ ಕೆಲಸ ಮಾಡುವವರಿಗೆ ಸಣ್ಣದಲ್ಲ.

ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಟೆಸ್ಟ್ ಡ್ರೈವನ್ನು ಸಂಜೆ ತಂಪು ಹೊತ್ತಿನಲ್ಲಿ ಮಾಡಬೇಡಿ, ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಬಿಸಿಲಲ್ಲಿ ನಿಂತಿದ್ದ ಕಾರನ್ನೇ ಕೊಡಿ ಅನ್ನಿ, ಐದು ಜನ ಕೂತು ಎಸಿ ಹಾಕಿ ನೋಡಿ, ಹಿಂದಿನ ಸೀಟಿಗೆ ತಂಪು ಬರಲು ಎಷ್ಟು ನಿಮಿಷ ಹಿಡಿಯಿತು ಅಂತ ಹಿಂದೆ ಕೂತ ಹಿರಿಯರೇ ಹೇಳಲಿ. ಗಾಜಿನ ಸನ್‌ರೂಫು ನಮ್ಮ ಬಿಸಿಲಿಗೆ ನನ್ನ ಪ್ರಕಾರ ಸುಮ್ನೆ ದುಡ್ಡು ದಂಡ, ಅದರ ರಬ್ಬರ್ ಮತ್ತು ನೀರು ಹೋಗುವ ಪೈಪಿಗೆ ಧೂಳು ಕಟ್ಟಿಕೊಂಡರೆ ಮಳೆಗಾಲದಲ್ಲಿ ಒಳಗೆ ಸೋರುತ್ತದೆ. ಬ್ಯಾಟರಿಯೂ ಈ ಶಾಖಕ್ಕೆ ಬೇಗ ಸಾಯುತ್ತದೆ. ಇನ್ನು ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಲೇಬೇಡಿ. ನಮ್ಮ ಗಡಸು ನೀರಿನ ಸುಣ್ಣ ಒಳಗೆ ಹೇಗೆ ಕಟ್ಟುತ್ತದೆ ಅಂತ ಮನೆಯ ಗೀಸರ್ ಕಾಯಿಲ್ ನೋಡಿದವರಿಗೆ ಗೊತ್ತು.

ಪೆಟ್ರೋಲಾ, ಡೀಸೆಲ್ಲಾ? ಇದಕ್ಕೆ ಹಾಳೆಯೇ ಉತ್ತರ ಹೇಳುತ್ತದೆ. ಡೀಸೆಲ್ ಕಾರು ಆನ್‌ರೋಡ್ 1.75 ಲಕ್ಷ ಜಾಸ್ತಿ ಅಂತಿಟ್ಟುಕೊಳ್ಳಿ, ಮೈಲೇಜು 19, ಡೀಸೆಲ್ ಲೀಟರಿಗೆ ಸುಮಾರು 91. ವರ್ಷಕ್ಕೆ 12 ಸಾವಿರ ಕಿಲೋಮೀಟರ್ ಓಡಿಸಿದರೆ ಉಳಿಯುವುದು ಸುಮಾರು 20 ಸಾವಿರ. ಹೆಚ್ಚಿಗೆ ಕೊಟ್ಟ ದುಡ್ಡು ವಾಪಸ್ ಬರಲು ಒಂಬತ್ತು ವರ್ಷ ಹತ್ತಿರ ಬೇಕು. ವರ್ಷಕ್ಕೆ 25 ಸಾವಿರ ಓಡಿಸುವವರಿಗೆ ನಾಲ್ಕೂಕಾಲು ವರ್ಷ ಸಾಕು. ಇನ್ನೊಂದು ವಿಷಯ. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆಯ ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಜಾಲರಿ ಇರುತ್ತದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿದರೆ ಆ ಮಸಿ ಸುಟ್ಟು ಹೋಗುತ್ತದೆ. ಬರೀ ಸ್ಕೂಲು, ಮಾರ್ಕೆಟ್ಟು ಅಂತ ಎರಡೆರಡು ಕಿಲೋಮೀಟರ್ ಓಡಿಸುವವರಿಗೆ ಅದು ಕಟ್ಟಿಕೊಂಡು ವಾರ್ನಿಂಗ್ ದೀಪ ಉರಿಯುತ್ತದೆ, ಬದಲಿಸಬೇಕಾಗಿ ಬಂದರೆ ಭಾರೀ ಖರ್ಚು. ಮೊದಲೆಲ್ಲಾ ‘ಡೀಸೆಲ್ ಅಂದ್ರ ಗಟ್ಟಿ’ ಅನ್ನುತ್ತಿದ್ದ ಮಾತು ಈಗ ಎಲ್ಲರಿಗೂ ಹೊಂದುವುದಿಲ್ಲ.

ಸಿಎನ್‌ಜಿ ಬೇಕು ಅನ್ನುವವರು ನೀವು ದಿನಾ ಓಡಾಡುವ ದಾರಿಯಲ್ಲೇ ಬಂಕ್ ಇದೆಯಾ, ಕ್ಯೂ ಎಷ್ಟಿರುತ್ತದೆ ಅಂತ ಹೋಗಿ ನೋಡಿ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಬೇಕು, ಡಿಕ್ಕಿಯ ಜಾಗವೂ ಹೋಗುತ್ತದೆ. ಪೆಟ್ರೋಲಿನಲ್ಲಿ ಈಗ 20% ಎಥನಾಲ್ ಇದೆ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಮೈಲೇಜು ಸ್ವಲ್ಪ ಬೀಳುವುದು ಅದಕ್ಕೇ. ಹಳೇ ಕಾರು ಕೊಳ್ಳುವವರು ಅದರ ಪುಸ್ತಕದಲ್ಲಿ ಇ20 ಹಾಕಬಹುದು ಅಂತ ಇದೆಯಾ ನೋಡಿಕೊಳ್ಳಿ.

ಗೇರಿನ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ. ಹತ್ತು ವರ್ಷ ಇಟ್ಟುಕೊಳ್ಳುವವರು, ಊರಿನ ಗ್ಯಾರೇಜನ್ನೇ ನಂಬಿದವರು, ಮ್ಯಾನುಯಲ್ ತಗೊಳ್ಳಿ. ಆಟೋಮ್ಯಾಟಿಕ್ ಬೇಕೇ ಬೇಕು, ಮನೆಯಲ್ಲಿ ಮೊಣಕಾಲು ನೋವಿನವರು ಓಡಿಸುತ್ತಾರೆ ಅಂದರೆ ಎಎಂಟಿ ಕಡಿಮೆ ಖರ್ಚಿನದ್ದು, ಮ್ಯಾನುಯಲ್ ಗೇರ್‌ಬಾಕ್ಸಿಗೇ ಕ್ಲಚ್ ಒತ್ತಿ ಗೇರ್ ಬದಲಿಸುವ ಯಂತ್ರ ಕೂಡಿಸಿರುತ್ತಾರೆ ಅಷ್ಟೇ. ಎರಡು ಕ್ಲಚ್ಚಿನ ಡಿಸಿಟಿ ಓಡಿಸಲು ಬಹಳ ಚೆಂದ, ಆದರೆ ಅದರಲ್ಲಿ ಒಣ ಕ್ಲಚ್ ಇರುವ ಗಾಡಿಗಳು ನಿಂತು ನಿಂತು ಹೋಗುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತವೆ. ಅಂಥದ್ದು ಕೊಂಡರೆ ಎಕ್ಸ್‌ಟೆಂಡೆಡ್ ವಾರಂಟಿ ಬಿಡಬೇಡಿ.

ಟ್ಯಾಕ್ಸಿನಲ್ಲಿ ಒಂದು ಗೆರೆ ಇದೆ, ತುಂಬಾ ಜನ ಗಮನಿಸುವುದಿಲ್ಲ. ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸು 5ರಿಂದ 10 ಲಕ್ಷದ ಕಾರಿಗೆ 14%, 10ರಿಂದ 20 ಲಕ್ಷಕ್ಕೆ 17%, ಮೇಲೆ ಸೆಸ್ ಬೇರೆ. 9.9 ಲಕ್ಷದ ಕಾರಿಗೆ ಟ್ಯಾಕ್ಸು ಸುಮಾರು 1.39 ಲಕ್ಷ, 10.2 ಲಕ್ಷದ್ದಕ್ಕೆ 1.73 ಲಕ್ಷ. ಮೂವತ್ತು ಸಾವಿರದ ಒಂದು ಫೀಚರಿಗೆ ಆಸೆಪಟ್ಟು ಮೂವತ್ತೈದು ಸಾವಿರ ಟ್ಯಾಕ್ಸು ಕಟ್ಟುವುದು ಯಾಕೆ? 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 18%ಗೆ ಇಳಿದಿದೆ, ಆದ್ದರಿಂದ ಹೊಸ ಕಾರಿನ ಹಳೇ ಬೆಲೆಯ ಲೆಕ್ಕದಲ್ಲೇ ಸೆಕೆಂಡ್ ಹ್ಯಾಂಡ್ ಗಾಡಿಗೆ ರೇಟು ಹೇಳುವವರ ಹತ್ತಿರ ಗಟ್ಟಿಯಾಗಿ ಚೌಕಾಸಿ ಮಾಡಿ.

ಸಾಲ. 7 ಲಕ್ಷಕ್ಕೆ 9.5% ಬಡ್ಡಿ ಹಿಡಿದರೆ ಐದು ವರ್ಷಕ್ಕೆ ಕಂತು ಸುಮಾರು 14,700. ಏಳು ವರ್ಷಕ್ಕೆ 11,440. ತಿಂಗಳಿಗೆ ಮೂರು ಸಾವಿರ ಕಡಿಮೆ ಅಂತ ಏಳು ವರ್ಷದ್ದು ಹಾಯೆನಿಸುತ್ತದೆ, ಆದರೆ ಒಟ್ಟು ಬಡ್ಡಿ 1.82 ಲಕ್ಷದಿಂದ 2.61 ಲಕ್ಷಕ್ಕೆ ಏರುತ್ತದೆ. ನಾನು ಹೇಳುವುದು, ಐದು ವರ್ಷದ ಕಂತು ಕಟ್ಟಲು ಆಗದಿದ್ದರೆ ಒಂದು ಮಾಡೆಲ್ ಕೆಳಗಿನ ಕಾರು ನೋಡಿ. ಇನ್ಶೂರೆನ್ಸಿನಲ್ಲಿ ಮೊದಲ ಐದು ವರ್ಷ ಝೀರೋ ಡೆಪ್, ಅಂದರೆ ಸಾಮಾನಿನ ಸವೆತ ಅಂತ ದುಡ್ಡು ಕಳೆಯದ ಪಾಲಿಸಿ, ಇರಲಿ, ಯಾಕಂದರೆ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೆ ಅರ್ಧ ದುಡ್ಡು ನಿಮ್ಮ ಜೇಬಿನಿಂದಲೇ ಹೋಗುತ್ತದೆ, ಈಗಿನ ಬಂಪರೆಲ್ಲಾ ಪ್ಲಾಸ್ಟಿಕ್ಕೇ ಅಲ್ವಾ. ಸಣ್ಣ ಗೀರಿಗೆಲ್ಲಾ ಕ್ಲೇಮ್ ಮಾಡಬೇಡಿ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಕಾರಿನ ಸ್ವಂತ ಡ್ಯಾಮೇಜಿನ ಪ್ರೀಮಿಯಮ್ಮಿನಲ್ಲಿ 50% ಬೋನಸ್ ಸಿಗುತ್ತದೆ.

ಸೇಫ್ಟಿಯಲ್ಲಿ ಮಾತ್ರ ಉಳಿತಾಯ ನೋಡಬೇಡಿ. 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್‌ನಲ್ಲಿ ಕಾರನ್ನು ಗುದ್ದಿಸಿ ಪರೀಕ್ಷೆ ಮಾಡಿ ಸ್ಟಾರ್ ಕೊಡುತ್ತಾರೆ, ನೋಡಿಕೊಂಡು ತಗೊಳ್ಳಿ. ನಮ್ಮ ಹೈವೇಗಳಲ್ಲಿ ರಾತ್ರಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎಷ್ಟು ಸಲ ಎದುರಾಗಿದೆ ಅಂತ ನೆನೆಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗಡಿ ಪಕ್ಕದಲ್ಲೇ ಇರುವ ನಮಗೆ ಹೈದರಾಬಾದ್, ಕರ್ನೂಲು ಕಡೆಯ ಗಾಡಿ ಅಗ್ಗಕ್ಕೆ ಸಿಗುತ್ತದೆ. ಅಗ್ಗ ಅಂತ ತಂದವರು ಆಮೇಲೆ ಕೈಕೈ ಹಿಸುಕಿಕೊಂಡಿದ್ದಾರೆ. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವಂತಿಲ್ಲ. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತರಬೇಕು, ಇಲ್ಲಿ ಗಾಡಿಯ ವಯಸ್ಸಿನ ಪ್ರಕಾರ ಲೈಫ್ ಟ್ಯಾಕ್ಸು ಕಟ್ಟಿ ಕೆಎ 34, 36 ಅಥವಾ 37 ನಂಬರ್ ಮಾಡಿಸಬೇಕು. ಸಾಲ ಇದ್ದ ಗಾಡಿಯಾದರೆ ಸಾಲ ತೀರಿತು ಅಂತ ಬ್ಯಾಂಕಿನ ಸಹಿ ಇರುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಟ್ಯಾಕ್ಸು, ಓಡಾಟ ಎಲ್ಲಾ ಸೇರಿಸಿದ ಮೇಲೂ ಅಗ್ಗವೇ ಆದರೆ ಆಗ ಗಾಡಿ ನೋಡಲು ಹೋಗಿ. 2020ರ ಅಕ್ಟೋಬರ್ ಮಳೆಗೆ ಹೈದರಾಬಾದಿನಲ್ಲಿ ಎಷ್ಟೋ ಕಾರು ನೀರಿನಲ್ಲಿ ನಿಂತಿದ್ದವು. ಕಾಲಿನ ಹತ್ತಿರದ ಕಾರ್ಪೆಟ್ ಎತ್ತಿ ಮೂಸಿ ನೋಡಿ, ಸೀಟಿನ ಕೆಳಗಿನ ಕಬ್ಬಿಣದ ಹಳಿಗೆ ತುಕ್ಕು ಹಿಡಿದಿದೆಯಾ ನೋಡಿ, ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ. ನೀರಿನ ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ, ಅದನ್ನು ತೊಳೆಯಲು ಯಾರಿಗೂ ನೆನಪಾಗುವುದಿಲ್ಲ.

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಭತ್ತದ ಊರಿನವರಿಗೆ ಎರಡು ಮಾತು. ಸುಗ್ಗಿ ಹೊತ್ತಿನಲ್ಲಿ ರಸ್ತೆ ಮೇಲೆ ರಾಶಿ, ಹುಲ್ಲು ಹರವಿದ್ದರೆ ಅದರ ಮೇಲೆ ಓಡಿಸಬೇಡಿ. ಹುಲ್ಲು ಕೆಳಗೆ ಸುತ್ತಿಕೊಂಡು ಸೈಲೆನ್ಸರ್ ಶಾಖಕ್ಕೆ ಬೆಂಕಿ ಹಿಡಿಯುತ್ತದೆ. ತಪ್ಪಿಸಲು ಆಗದಿದ್ದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಕಿತ್ತು ತೆಗೆಯಿರಿ. ಎರಡನೆಯದು ಇಲಿ. ವೈರ್ ಕಡಿದರೆ ಸಾವಿರಾರು ರೂಪಾಯಿ ಹೋಗುತ್ತದೆ. ಕೆಳಗೆ ಇಂಜಿನ್ ಮುಚ್ಚುವ ತಗಡೋ ಪ್ಲಾಸ್ಟಿಕ್ ಹಾಳೆಯೋ ಪೂರ್ತಿ ಇರುವ ಕಾರು ಒಳ್ಳೆಯದು, ನಿಲ್ಲಿಸಿದಾಗ ವಾರಕ್ಕೆರಡು ಸಲ ಬಾನೆಟ್ ಎತ್ತಿ ನೋಡುವ ರೂಢಿ ಇರಲಿ.

ನನ್ನ ಭಾವಮೈದ ಕೊನೆಗೆ ಮೂರರಲ್ಲಿ ಸನ್‌ರೂಫ್ ಇಲ್ಲದ, ಮ್ಯಾನುಯಲ್ ಗೇರಿನ ಪೆಟ್ರೋಲ್ ಕಾರು ಬುಕ್ ಮಾಡಿದ. ಡೆಲಿವರಿ ದಿನ ಪೂಜೆಗೆ ಮುಂಚೆ ನಾವಿಬ್ಬರೂ ಒಂದು ಗಂಟೆ ಮೊದಲೇ ಹೋದೆವು. ನೀವೂ ಹೋಗಿ, ಹಾರ ಹಾಕಿ ತೆಂಗಿನಕಾಯಿ ಒಡೆದ ಮೇಲೆ ಯಾರೂ ಏನೂ ನೋಡುವುದಿಲ್ಲ. ಕಾರು ತಯಾರಾದ ತಿಂಗಳು ನೋಡಿ, ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಆಗಿದೆ ನೋಡಿ, ಬಾಗಿಲ ಅಂಚಿನಲ್ಲಿ ಬಣ್ಣ ಬೇರೆ ಕಾಣುತ್ತದಾ ಅಂತ ಬಿಸಿಲಿಗೆ ತಂದು ನೋಡಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ, 2225 ಅಂದರೆ 2025ರ 22ನೇ ವಾರ. ನಾಲ್ಕೂ ಟೈರಿನ ಅಂಕಿ ಹತ್ತಿರ ಹತ್ತಿರ ಇರಬೇಕು, ಸ್ಟೆಪ್ನಿಯದ್ದೂ ತೆಗೆಸಿ ನೋಡಿ.